ಉಪ್ಪು ಮುಟ್ಟಿ ಹೇಳಿದ ಮಾತು

ನಾನು ಮೀನು ತಿಂದವಳಲ್ಲ, ಮುಟ್ಟಿದವಳೂ ಅಲ್ಲ. ನಮ್ಮದು ಶಿಕಾರಿಪುರದ ಲಿಂಗ ಕಟ್ಟಿದ ಮನೆ. ಮೊಟ್ಟೆಯ ಹೆಸರೆತ್ತಿದರೂ ನಮ್ಮ ಅತ್ತೆಯವರು ಬಾಯಿ ಮುಕ್ಕಳಿಸಿಕೊಂಡು ಬಾ ಎನ್ನುತ್ತಿದ್ದರು. ಅಂಥ ನನ್ನನ್ನು ಶಿರಾಳಕೊಪ್ಪದ ಸಂತೆಯಲ್ಲಿ ಒಣಮೀನಿನ ಮಾಳಮ್ಮನ ಪಕ್ಕಕ್ಕೆ ತಂದು ಕೂರಿಸಿದವರು ಯಾರೋ, ಅವರ ಕೈ ಸೇದಿಹೋಗಲಿ. ಬೆಳ್ಳುಳ್ಳಿ ಸಾಲು ಮುಗಿಯುವಲ್ಲಿ ನನ್ನ ಜಾಗ, ಮೀನಿನ ಸಾಲು ಶುರುವಾಗುವಲ್ಲಿ ಅವಳ ಜಾಗ. ನಡುವೆ ಒಂದು ಕಲ್ಲು.

ಮೊದಲ ಸಂತೆಯಲ್ಲೇ ಜಗಳ. "ಏನವ್ವಾ, ನಿನ್ನ ಬುಟ್ಟಿ ಆ ಕಡೆ ಸರಸು. ನಿನ್ನ ವಾಸನಿ ನನ್ನ ಬಳ್ಳೊಳ್ಳಿಗೆ ಹತ್ತೈತಿ" ಎಂದೆ. ಅವಳು ತಲೆ ಕೂಡ ಎತ್ತಲಿಲ್ಲ. "ಬೆಳ್ಳುಳ್ಳಿ ಏನು ಮಲ್ಲಿಗೆ ಹೂವೇನಕ್ಕಾ? ನಿಮ್ ವಾಸ್ನೆ ನನ್ ಮೀನಿಗೆ ಹತ್ತಿ ಬೆಳಿಗ್ಗೆಯಿಂದ ಬೋಣಿ ಆಗಿಲ್ಲ" ಎಂದಳು. ಸುತ್ತ ಕೂತವರೆಲ್ಲ ಗೊಳ್ಳೆಂದು ನಕ್ಕರು. ನನಗೂ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ. ಮಧ್ಯಾಹ್ನ ನಾನು ರೊಟ್ಟಿಗಂಟು ಬಿಚ್ಚಿದಾಗ ಅವಳಾಗಿಯೇ ಬುಟ್ಟಿಗೆ ಗೋಣಿ ಮುಚ್ಚಿ, ಅತ್ತ ತಿರುಗಿ ಕೂತಳು. ಅವತ್ತಿನಿಂದ ನಮ್ಮ ಗೆಳೆತನ. ನಮ್ಮ ಯಜಮಾನರು ಗಂಗಾಧರಪ್ಪನವರಿಗೆ ಅದು ಹಿಡಿಸಲಿಲ್ಲ. "ಹೋಗಿ ಹೋಗಿ ಮೀನಿನಾಕಿ ಸಂಗ ಮಾಡಿಯಲ್ಲ, ಒಳಗ ಬರೋಕ್ಕಿಂತ ಮೊದಲ ಹಿತ್ತಲದಾಗ ಕೈಕಾಲು ತೊಳಕೋ" ಎನ್ನುತ್ತಿದ್ದರು. ತೊಳೆದುಕೊಳ್ಳುತ್ತಿದ್ದೆ. ಮುಂದಿನ ಸಂತೆಗೆ ಮತ್ತೆ ಅಲ್ಲೇ ಕೂರುತ್ತಿದ್ದೆ.

ಕೂತು ಕೂತು ನನ್ನ ಮೂಗಿಗೆ ಮೀನಿನ ಪಾಠವೆಲ್ಲ ಆಯಿತು. ಸಿಗಡಿಯದೊಂದು ವಾಸನೆ, ಬಂಗಡೆಯದೊಂದು. ಅವನ್ನು ಹೇಗೋ ತಡೆದುಕೊಳ್ಳಬಹುದು. ಆದರೆ ಒಂದು ಮೀನಿತ್ತು, ಅಬ್ಬಬ್ಬಾ! ಕೊಟ್ಟಿಗೆಯಲ್ಲಿ ವಾರಗಟ್ಟಲೆ ಗಂಜಲ ನಿಂತ ಹಾಗೆ ಉಚ್ಚೆಯ ಘಾಟು. ಮೂಗಿನ ಬುಡಕ್ಕೆ ಚುಚ್ಚಿ ಕಣ್ಣಲ್ಲಿ ನೀರು ತರಿಸುತ್ತಿತ್ತು. ಅದರ ಹೆಸರು ತಾಟೆ, ಪೇಟೆಯವರು ಶಾರ್ಕ್ ಎನ್ನುವುದು ಅದಕ್ಕೇ. ಅದರದೇ ಕುಲದ, ಮೊರದಂತೆ ಚಪ್ಪಟೆಯಾದ ಇನ್ನೊಂದು ತೊರಕೆ. ನಮ್ಮ ಸಂತೆಯಲ್ಲಿ ಹಾಗೆ ಹೆಸರು ಹಿಡಿದು ಕೇಳುವವರು ಕಡಿಮೆ. ಬಾಣಂತಿ ಮೀನು ಎಂದರೆ ಮುಗಿಯಿತು. ಅದರ ಸಾರು ಉಂಡರೆ ಬಾಣಂತಿಗೆ ಎದೆಹಾಲು ಉಕ್ಕುತ್ತದೆ ಎಂದು ಮೀನು ತಿನ್ನುವ ಮನೆಗಳಲ್ಲಿ ನಂಬಿಕೆ. ಯಾರ ಮನೆಯಲ್ಲಾದರೂ ಹೆರಿಗೆಯಾಯಿತೆಂದರೆ ಅಜ್ಜಿಯೋ ಅತ್ತೆಯೋ ಚೀಲ ಹಿಡಿದು ಬರುತ್ತಿದ್ದರು. ಮೊದಲು ನನ್ನ ಹತ್ತಿರ ಬೆಳ್ಳುಳ್ಳಿ, ಮೆಣಸಿನಕಾಳು, ಓಂಕಾಳು, ಒಣಶುಂಠಿ. ಆಮೇಲೆ ಕಲ್ಲು ದಾಟಿ ಅವಳ ಹತ್ತಿರ ಬಾಣಂತಿ ಮೀನು. ಈ ಸೀಮೆಯ ಎಷ್ಟು ಮಕ್ಕಳು ನಮ್ಮಿಬ್ಬರ ಸಾಮಾನಿನ ಮೇಲೆ ಬೆಳೆದಿದ್ದಾರೋ ಶಿವನಿಗೇ ಗೊತ್ತು.

ತಮಾಷೆ ಎಂದರೆ, ಅಷ್ಟು ವರ್ಷ ಮಾರಿದ ಮಾಳಮ್ಮ ಸಮುದ್ರವನ್ನೇ ಕಂಡವಳಲ್ಲ. ತಾಟೆ ಇಡಿಯಾಗಿ ಹೇಗಿರುತ್ತದೆಂದು ನನಗೆ ಹೇಗೆ ಗೊತ್ತಿಲ್ಲವೋ ಅವಳಿಗೂ ಹಾಗೆಯೇ ಗೊತ್ತಿಲ್ಲ. ತಲೆ ಬಾಲ ಕಡಿದು ಉಪ್ಪು ತುಂಬಿ ಒಣಗಿಸಿದ ಹೋಳು ಮಾತ್ರ ಘಟ್ಟ ಹತ್ತಿ ಬರುತ್ತಿತ್ತು.

ಅವಳ ಊರು ಸೊರಬ ತಾಲೂಕಿನ ಕ್ಯಾಸನೂರು. ಊರು ಯಾವುದೆಂದು ಕೇಳಿ "ಓ, ಮಂಗನ ಕಾಯಿಲೆ ಊರಾ" ಎಂದವರಿಗೆ ಅವಳು ಮೀನು ಕೊಡುತ್ತಿರಲಿಲ್ಲ. ನಿಜವಾಗಿಯೂ ಕೊಡುತ್ತಿರಲಿಲ್ಲ, ತಕ್ಕಡಿ ಮಗುಚಿ ಕೂತುಬಿಡುತ್ತಿದ್ದಳು. "ಕಾಯ್ಲೆ ಎಲ್ಲಾ ಕಡೆ ಬಂತು, ಹೆಸ್ರು ಮಾತ್ರ ನಮ್ಮೂರಿಗೆ ಅಂಟ್ಕಂತು. ಒಂದ್ಸಲ ಹೆಸ್ರು ಕೆಟ್ರೆ ತೊಳೆಯಕ್ಕೆ ಯಾವ ಹೊಳೆ ನೀರೂ ಸಾಲಲ್ಲ ಕಣಕ್ಕ" ಎನ್ನುತ್ತಿದ್ದಳು. ಗಂಡ ಪುಟ್ಟಪ್ಪ ಮರದಿಂದ ಬಿದ್ದು ತೀರಿಹೋದಾಗ ಮಗಳು ಮಾಲಾ ಇನ್ನೂ ಮೊಲೆ ಕುಡಿಯುವ ಕೂಸು. ಒಂದು ಕಂಕುಳಲ್ಲಿ ಕೂಸು, ತಲೆಯ ಮೇಲೆ ಬುಟ್ಟಿ. ಹಾಗೆ ಊರೂರು ತಿರುಗಿ ಅವಳು ಗಳಿಸಿದ್ದು ಏನೆಂದರೆ, ಮಾಳಮ್ಮನ ಬುಟ್ಟಿಯಲ್ಲಿ ಮೋಸವಿಲ್ಲ ಎಂಬ ಮಾತು. ಆಸ್ತಿ ಎಂದು ಇದ್ದದ್ದು ಅದೊಂದೇ.

ಕೊರೊನಾ ವರ್ಷ ಅವಳಿಗೆ ಜ್ವರ ಬಂತು. ಜೀವ ಉಳಿಯಿತು, ಮೂಗು ಹೋಯಿತು. ಮಲ್ಲಿಗೆಯೂ ಒಂದೇ, ಸಗಣಿಯೂ ಒಂದೇ. ಮತ್ತೆ ಬರಲೇ ಇಲ್ಲ. "ಮೀನು ಮಾರೋಳಿಗೆ ದೇವರು ಮೂಗು ಕಸಗೊಂಡು ಪುಣ್ಯ ಕಟ್ಟಿಕೊಂಡ. ಪಕ್ಕದಾಗ ಕುಂತ ನನಗ ಯಾಕ ಬಿಟ್ಟ?" ಎಂದು ನಾನು ಕಾಡುತ್ತಿದ್ದೆ. ಅವಳು ನಗುತ್ತಿದ್ದಳು.

ಅವಳು ನಗದೇ ಇದ್ದದ್ದು ಮಗಳ ವಿಷಯಕ್ಕೆ ಮಾತ್ರ. ಮಾಲಾಳನ್ನು ಸೊರಬದ ಸುರೇಶನಿಗೆ ಕೊಟ್ಟಿದ್ದಳು. ಸುರೇಶ ಒಂದು ಪಿಕಪ್ ಗಾಡಿ ಇಟ್ಟುಕೊಂಡು ಘಟ್ಟದ ಕೆಳಗಿನಿಂದ ಮೀನು ತರುತ್ತಿದ್ದವನು. ಅತ್ತೆಯ ಬುಟ್ಟಿಗೂ ಅವನದೇ ಮಾಲು. ಎಲ್ಲ ಸರಿಯಾಗಿತ್ತು, ಆದರೆ ಮಾಲಾಳಿಗೆ ಬಸಿರು ನಿಲ್ಲುತ್ತಿರಲಿಲ್ಲ. ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಜಾರಿಹೋಗುತ್ತಿತ್ತು. ಮಗಳಿದ್ದ ಆಸ್ಪತ್ರೆಯಿಂದ ನೇರ ಸಂತೆಗೆ ಬಂದು, ಬೇರೆಯವರ ಮಗಳ ಬಾಣಂತನಕ್ಕೆ ಮೀನು ತೂಗಿ ಕೊಡುತ್ತಿದ್ದ ಮಾಳಮ್ಮನ ಮುಖ ನೋಡಲಾಗುತ್ತಿರಲಿಲ್ಲ.

ಅಂಥ ದಿನಗಳಲ್ಲೇ ಸುಷ್ಮಿತಾ ಬಂದದ್ದು. ಘಟ್ಟದ ಕೆಳಗಿನ ಹುಡುಗಿ, ಬೆನ್ನಿಗೊಂದು ಚೀಲ. ತಾಟೆ ತೊರಕೆಗಳನ್ನು ಉಳಿಸಬೇಕೆಂದು ಓಡಾಡುವ ಒಂದು ಗುಂಪಿನವಳಂತೆ. ಬಂದಳಪ್ಪ ಬುದ್ಧಿ ಹೇಳುವವಳು ಎಂದು ನನಗೆ ಮೈ ಉರಿಯಿತು. ಬಡವರ ಬುಟ್ಟಿ ಕಂಡರೆ ಎಲ್ಲರಿಗೂ ಬುದ್ಧಿ ಹೇಳುವ ಚಪಲ. ಆದರೆ ಅವಳು ಅಧಿಕಾರ ಮಾಡಲಿಲ್ಲ. ಮಾಳಮ್ಮನ ಮುಂದೆ ನೆಲಕ್ಕೇ ಕೂತಳು.

"ಅಮ್ಮಾ, ಬಂಗಡೆ ರಾಶಿ ರಾಶಿ ಮೊಟ್ಟೆ ಇಡ್ತದೆ. ಇವು ಹಂಗಲ್ಲ. ಸುಮಾರು ಜಾತಿಯವು ನಮ್ಮ ಹಾಗೇ ಬಸಿರಾಗಿ ಮರಿ ಹಾಕ್ತವೆ. ಬೆಳೆದು ದೊಡ್ಡದಾಗೋಕೆ ವರ್ಷಗಟ್ಟಲೆ ಬೇಕು, ಹಾಕೋ ಮರಿ ಬೆರಳೆಣಿಕೆಯಷ್ಟು. ಹೆರೋಕೆ ಅಂತ ದಡದ ಹತ್ರ ಬರ್ತವೆ. ಅಲ್ಲೇ ಬಲೆ ಇರ್ತದೆ" ಎಂದಳು. ಎಂದು ಮೊಬೈಲು ತೆಗೆದು ತೋರಿಸಿದಳು.

ನಾನೂ ಕಲ್ಲಿನ ಮೇಲಿಂದ ಬಗ್ಗಿ ನೋಡಿದೆ. ಬಲೆಯಿಂದ ಮರಳಿಗೆ ಸುರಿದ ಒಂದು ತೊರಕೆ. ಅದು ಒದ್ದಾಡುತ್ತಿತ್ತು. ಒದ್ದಾಡುತ್ತಿದ್ದ ಹಾಗೆಯೇ ಅದರ ಹೊಟ್ಟೆಯಡಿಯಿಂದ ಸಣ್ಣ ಸಣ್ಣ ಮರಿಗಳು ಒಂದೊಂದಾಗಿ ಮರಳಿಗೆ ಜಾರಿದವು. ಅಂಗೈಯಷ್ಟು ಅಗಲ, ತಾಯಿಯದೇ ರೂಪ.

"ಹಿಡಿದಾಗ ಆಗೋ ಸಂಕಟಕ್ಕೆ ದಿನ ತುಂಬದೇನೇ ಹಾಕಿಬಿಡ್ತವೆ ಅಮ್ಮಾ. ಅವು ಉಳಿಯಲ್ಲ."

"ದಿನ ತುಂಬದೇನಾ?" ಎಂದಳು ಮಾಳಮ್ಮ.

ಮತ್ತೊಮ್ಮೆ ತೋರಿಸು ಎಂದಳು. ತೋರಿಸಿದಳು. ಮಾಳಮ್ಮ ನನ್ನ ಕಡೆ ತಿರುಗಿದಳು. "ಅಕ್ಕಾ, ಬಾಣಂತಿಗೆ ಹಾಲು ಬರ್ಲಿ ಅಂತ ಬಸುರೀನ ಕಡಿದು ಮಾರ್ತಿದ್ನಾ ನಾನು?" ಎಂದಳು.

ಸುಷ್ಮಿತಾ ಸಮಾಧಾನದ ಮಾತಾಡಿದಳು. ಕೆಲವು ಜಾತಿಗಳನ್ನು ಹಿಡಿಯುವುದೂ ಮಾರುವುದೂ ಕಾನೂನಿನಲ್ಲೇ ತಪ್ಪು, ಅಷ್ಟನ್ನು ಬಿಟ್ಟರೂ ದೊಡ್ಡ ಉಪಕಾರ ಎಂದಳು. ಮಾಳಮ್ಮ ತಲೆ ಅಲ್ಲಾಡಿಸಿದಳು. "ಕಡಿದ ಹೋಳಲ್ಲಿ ಯಾವ್ದು ಯಾವ್ದು ಅಂತ ನಂಗೆ ತಿಳಿಯಲ್ಲ ತಂಗಿ. ಎಲ್ಲಾನೂ ಬಿಡ್ತೀನಿ."

ಎಂದವಳೇ ಬುಟ್ಟಿಯಲ್ಲಿದ್ದ ಹೋಳುಗಳನ್ನು ತೆಗೆದು ಪಕ್ಕಕ್ಕಿಟ್ಟು, ತಳದಲ್ಲಿದ್ದ ಉಪ್ಪಿನ ಮೇಲೆ ಕೈಯಿಟ್ಟಳು. ನಮ್ಮ ಸಂತೆಯ ಜನಕ್ಕೆ ಉಪ್ಪು ಮುಟ್ಟಿ ಆಡಿದ ಮಾತು ಎಂದರೆ ತಪ್ಪುವಂಥದ್ದಲ್ಲ. "ಇವತ್ತಿಂದ ತಾಟೆ ತೊರಕೆ ನನ್ ಬುಟ್ಟಿಗೆ ಬರಲ್ಲ. ಆ ತಾಯಿ ಮರಿ ಆ ತಾಯಿ ಹೊಟ್ಟೇಲಿರ್ಲಿ. ನನ್ ಮಗ್ಳ ಕೂಸು ನನ್ ಮಗ್ಳ ಹೊಟ್ಟೇಲಿರ್ಲಿ" ಎಂದಳು. ಅವಳಿಗೆ ಅದು ವ್ಯಾಪಾರದ ಮಾತಾಗಿರಲಿಲ್ಲ, ಹರಕೆಯಾಗಿತ್ತು.

ಮುಂದಿನ ಸಂತೆಗಳಲ್ಲಿ ಅವಳು ಬೈಸಿಕೊಂಡಳು ನೋಡಿ! ಬಾಣಂತಿ ಮೀನು ಕೇಳಿ ಬಂದ ಅಜ್ಜಿಯರು "ನಿಂಗೇನು ತಲೆ ಕೆಟ್ಟೈತಾ" ಎಂದು ಹೋದರು. ಅವಳು ಬಿಡಲಿಲ್ಲ. ಬಂದವರನ್ನೆಲ್ಲ ಕೂರಿಸಿಕೊಂಡು ಆ ಮರಳಿನ ಮೇಲಿನ ಹೆರಿಗೆಯ ಕಥೆ ಹೇಳುತ್ತಿದ್ದಳು. "ಬಸುರೀನ ಕಡಿದು ಬಾಣಂತಿಗೆ ಇಕ್ಕಬ್ಯಾಡ ಕಣೆ. ನಾಲ್ಗೆ ಹಂಗಿರೋ ನಂಗು ಮೀನು ತಗಂಡು ಹೋಗು, ಅದ್ರಲ್ಲೂ ಹಾಲು ಬರ್ತದೆ. ಇವರತ್ರ ಬೆಳ್ಳುಳ್ಳಿ ಜಾಸ್ತಿ ತಗ" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದಳು. ಹೆಂಗಸರು ಕಾನೂನಿಗೆ ಬಗ್ಗುತ್ತಾರೋ ಇಲ್ಲವೋ, ಆ ಕಥೆಗೆ ಬಗ್ಗಿದರು. ಎಷ್ಟೋ ಮನೆಗಳಲ್ಲಿ ತಾಟೆ ತರುವುದು ನಿಂತಿತು. ಸುಷ್ಮಿತಾ ಮತ್ತೆ ಬಂದು ಮಾಳಮ್ಮ ಮಾತಾಡುವುದನ್ನು ವಿಡಿಯೋ ಮಾಡಿಕೊಂಡು ಹೋಗಿ, ಕೆಳಗಿನ ಊರುಗಳಲ್ಲೆಲ್ಲ ತೋರಿಸಿದಳಂತೆ. ನನಗಂತೂ ಆ ಘಾಟು ತಪ್ಪಿತಲ್ಲ, ನೆಮ್ಮದಿಯಾಗಿ ಉಸಿರಾಡಿದೆ.

ಆಮೇಲೆ ಮಾಲಾ ಬಸಿರಾದಳು. ಮೂರು ತಿಂಗಳು ದಾಟಿತು, ನಾಲ್ಕು ದಾಟಿತು, ನಿಂತಿತು. ಮಾಳಮ್ಮ ಸಂತೆಯ ನಡುವೆ ನನ್ನ ಕೈ ಹಿಡಿದು ಅತ್ತಳು. "ಆ ಕಡಲ ತಾಯಿ ನನ್ ಮಾತು ಕೇಳಿಸ್ಕಂಡ್ಳು ಅಕ್ಕ" ಎಂದಳು. ಅವತ್ತು ನಾನು ಅವಳ ಕೈ ಬಿಡಿಸಿಕೊಳ್ಳಲಿಲ್ಲ, ಹಿತ್ತಲಲ್ಲಿ ತೊಳೆದುಕೊಳ್ಳಲೂ ಇಲ್ಲ.

ಅದೇ ಹೊತ್ತಿಗೆ ಸುರೇಶ ಒಂದು ಹೊಸ ಮೀನು ತಂದ. ಚರ್ಮ ಸುಲಿದು, ಮುಳ್ಳು ತೆಗೆದು, ಉದ್ದುದ್ದಕ್ಕೆ ಸೀಳಿ ಒಣಗಿಸಿದ ಬಿಳಿ ಹೋಳು. ನಮ್ಮ ಶಿಕಾರಿಪುರದ ಪಕ್ಕದ ಅಂಜನಾಪುರ ಡ್ಯಾಮಿನ ದೊಡ್ಡ ಮೀನು, ಸಮುದ್ರದ್ದೇ ಅಲ್ಲ ಎಂದ. "ಸಂತೆಗೆ ಒಯ್ಯೋದು ಬ್ಯಾಡ ಅತ್ತೆ, ಬಾಣಂತಿ ಇರೋ ಮನೆಗೆ ನಾನೇ ಮುಟ್ಟಿಸ್ತೀನಿ. ನಿಮ್ಮ ಹೆಸ್ರು ಹೇಳಿದ್ರೆ ಸಾಕು, ತಗಳ್ತಾರೆ" ಎಂದ. ಮಾಳಮ್ಮ ಹಿಗ್ಗಿದಳು. ನಮ್ಮ ಕಡೆ ಅಳಿಯ ಎಂದರೆ ಏನು ಅಂದುಕೊಂಡಿದ್ದೀರಿ? ಅತ್ತೆಯಾದವಳು ಅವನೆದುರು ದನಿ ಎತ್ತುವಂತಿಲ್ಲ, ಅವನು ಕೂತಲ್ಲಿ ತಾನು ಕೂರುವಂತಿಲ್ಲ. ಅವನ ಮಾತಿಗೆ ಹೌದೋ ಅಲ್ಲವೋ ಎಂದು ಕೇಳಿದರೆ ಮಗಳ ಬಾಳಿಗೇ ಕಲ್ಲು ಹಾಕಿದ ಹಾಗೆ. "ನಮ್ಮ ಅಳಿಯಂದ್ರು ದೇವ್ರಂಥೋರು ಅಕ್ಕ. ನಿಮ್ಮೂರ ಕಡೆ ನೀರಿನ ಮೀನಂತೆ" ಎಂದು ನನ್ನೆದುರು ಹೇಳಿದಾಗ ನಾನು ಯಾರಿಗೋ ಮೆಣಸಿನಕಾಯಿ ತೂಗುತ್ತಿದ್ದೆ. ಹೂಂ ಎಂದೆ.

ಮಾಲಾಳಿಗೆ ಗಂಡು ಮಗುವಾಯಿತು. ಬಾಣಂತನ ತವರಿನಲ್ಲಿ. ನಾನು ಬೆಳ್ಳುಳ್ಳಿ, ಮೆಣಸು, ಓಂಕಾಳು, ಕೊಬ್ಬರಿ ಎಲ್ಲ ಕಟ್ಟಿಕೊಂಡು ಬಸ್ಸು ಹತ್ತಿ ಕ್ಯಾಸನೂರಿಗೆ ಹೋದೆ. ಯಜಮಾನರಿಗೆ ಹೇಳಿದ್ದು ಬೇರೆ ಊರು, ಅದಿರಲಿ. ಬಿಸಿಲು ಚೆನ್ನಾಗಿತ್ತು. ಅಂಗಳಕ್ಕೆ ಕಾಲಿಟ್ಟೆ. ಇಟ್ಟವಳು ಅಲ್ಲೇ ನಿಂತೆ.

ಅದೇ ಘಾಟು! ಒಲೆಯ ಕಡೆಯಿಂದ ಬರುತ್ತಿತ್ತು. ನಾನು ಮಾರಿದ ಮೆಣಸು ಬೆಳ್ಳುಳ್ಳಿಯ ಒಗ್ಗರಣೆ ಕೂಡ ಅದನ್ನು ಮುಚ್ಚಿರಲಿಲ್ಲ. ನನ್ನ ಬಾಯಿಗೆ ಬೀಗ ಎಲ್ಲಿದೆ? "ಏನೇ ಮಾಳಿ, ಮತ್ತ ಆ ಉಚ್ಚಿ ವಾಸನಿ ಮೀನು ಹಚ್ಚಿಯಲ್ಲ! ನಿನ್ನ ಹರಕಿ ಏನಾತು?" ಎಂದು ಬಾಗಿಲಿನಿಂದಲೇ ಕೂಗಿದೆ.

ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಮುಖದ ತುಂಬ ನಗು. "ಬರ್ರೀ ಅಕ್ಕಾ. ತಾಟೆ ಎಲ್ಲಿಂದ ಬಂತು? ಅಳಿಯಂದ್ರು ತಂದ ಡ್ಯಾಮಿನ ಮೀನು ಅದು" ಎಂದಳು.

"ಯಾವ ಡ್ಯಾಮು?"

"ನಿಮ್ಮ ಅಂಜನಾಪುರದ್ದು."

"ಹುಚ್ಚಿ, ಅಂಜನಾಪುರದಾಗ ಹಿಡಿದ ಮೀನು ದಂಡಿ ಮ್ಯಾಲೇ ಖಾಲಿ ಆಗ್ತೈತಿ. ಒಣಗಸಾಕ ಉಳಿಯೋದೆಲ್ಲಿ? ಹೊಳಿ ಮೀನಿಗೆ ಈ ಘಾಟು ಎಲ್ಲಿಂದ ಬರ್ತೈತಿ? ನಿನಗ ಮೂಗಿಲ್ಲ, ನನಗ ಐತಿ. ಇಷ್ಟು ವರ್ಷ ಪಕ್ಕದಾಗ ಕುಂತು ಸತ್ತೀನಿ, ನನಗ ಗೊತ್ತಾಗಂಗಿಲ್ಲೇನು?"

ಹೇಳುತ್ತ ಹೇಳುತ್ತಲೇ ನನಗೆ ತಿಳಿಯಿತು, ನಾನು ಏನು ಹೇಳುತ್ತಿದ್ದೇನೆಂದು. ಅವಳ ನಗು ಮುಖದ ಮೇಲೆಯೇ ಉಳಿದಿತ್ತು, ಕಣ್ಣು ಮಾತ್ರ ಬೇರೆಯಾಗಿತ್ತು. ಅವಳು ತಿರುಗಿ ಒಳಗೆ ಹೋದಳು. ನಾನೂ ಹಿಂದೆ ಹೋದೆ. ಮಾಲಾ ಗೋಡೆಗೆ ಒರಗಿ, ಕಿವಿಗೆ ಬಟ್ಟೆ ಕಟ್ಟಿಕೊಂಡು, ಮಗುವಿಗೆ ಹಾಲೂಡಿಸುತ್ತಿದ್ದಳು. ಮೀನಿನ ಮನೆಯಲ್ಲಿ ಹುಟ್ಟಿ ಬೆಳೆದ ಮಗಳು. ಅವಳ ಮೂಗಿಗೇನಾಗಿತ್ತು?

"ಮಾಲಾ, ಆ ಮೀನು ಯಾವ್ದು?" ಎಂದಳು ಮಾಳಮ್ಮ.

ಮಾಲಾ ನನ್ನ ಕಡೆ ಒಮ್ಮೆ ನೋಡಿದಳು, ನುಂಗಿಬಿಡುವ ಹಾಗೆ. ಆಮೇಲೆ ತಲೆ ತಗ್ಗಿಸಿದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತವ್ವಾ."

"ಯಾವಾಗಿಂದ?"

"ಮೊದ್ಲಿಂದ್ಲೂ. ಹೇಳಬ್ಯಾಡ ಅಂದಿದ್ರು. ಬಾಣಂತಿ ಮೀನು ಬಿಟ್ರೆ ನಮ್ ವ್ಯಾಪಾರ ಎಲ್ಲಿ ಉಳೀತದೆ ಅವ್ವಾ? ನಿನ್ನ ಹೆಸ್ರಲ್ಲಿ ಹೋದ್ರೆ ಯಾರೂ ಕೇಳಲ್ಲ ಅಂದ್ರು."

"ನೀನು ಬಸುರಿ ಇದ್ದಾಗ್ಲೂನಾ? ನಾನು ಉಪ್ಪು ಮುಟ್ಟಿದ್ದು ಯಾರಿಗೋಸ್ಕರ ಅಂತ ಗೊತ್ತಿದ್ದೂನಾ?"

ಅಷ್ಟರಲ್ಲಿ ಸುರೇಶ ಬಂದ. ಒಳಗಿನ ಮಾತು ಅಂಗಳದಲ್ಲೇ ಕೇಳಿಸಿಕೊಂಡಿದ್ದ ಎಂದು ಕಾಣುತ್ತದೆ. ಅವನಿಗೆ ನಾಚಿಕೆಯಾದರೂ ಇರಬೇಡವೇ? ಇರಲಿಲ್ಲ. "ಈಗ ಏನಾಯ್ತು ಅತ್ತೆ? ಮಗು ಗುಂಡುಕಲ್ಲಿನ ಹಂಗೈತೆ. ಹರಕೆ ಮುರಿದ್ರೂ ಏನೂ ಆಗಿಲ್ಲ ಅಂದ್ಮೇಲೆ ಆ ಹರಕೇನೇ ಸುಳ್ಳು ಅಂತ ಆಯ್ತಲ್ಲ" ಎಂದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಯ್ದದ್ದಲ್ಲದೆ ಹೊಲಕ್ಕೇ ಬುದ್ಧಿ ಹೇಳುತ್ತಿತ್ತು. ನನ್ನ ಕೈಗೆ ಸೌಟು ಸಿಕ್ಕಿದ್ದರೆ ಅವತ್ತು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಮಾಳಮ್ಮ ಮೊದಲ ಸಲ ಅಳಿಯನ ಮುಖ ನೇರ ನೋಡಿದಳು. "ಹರಕೆ ಸುಳ್ಳೋ ನಿಜವೋ ಆ ತಾಯಿ ನೋಡ್ಕಂತಾಳೆ. ನನ್ ಹೆಸ್ರು ಹೇಳಿ ಮನೆಮನೆಗೆ ಕೊಟ್ರಲ್ಲ, ಆ ಬಾಣಂತೇರಿಗೆ ನಾನು ಏನಂತ ಹೇಳ್ಲಿ?" ಎಂದಳು. ಅವನು ಭುಜ ಕುಣಿಸಿ ಹೊರಗೆ ಹೋದ. ಅವಳು ಪಾತ್ರೆ ಎತ್ತಿಕೊಂಡು ಹೋಗಿ ಹಿತ್ತಲ ಗುಂಡಿಗೆ ಸುರಿದಳು. ಬಂದು ಕೈ ತೊಳೆದು, ಬೇರೆ ಪಾತ್ರೆ ಇಟ್ಟು, ಮೆಣಸಿನ ಸಾರು ಕುದಿಸಿ ಅನ್ನ ಕಲಸಿ ಮಗಳ ಮುಂದಿಟ್ಟಳು. ಮಗಳ ಮುಖ ನೋಡಲಿಲ್ಲ. "ಉಣ್ಣು. ಬಾಣಂತಿ ಹಸ್ಕಂಡಿರಬಾರ್ದು" ಎಂದಳು. ಮಾಲಾ ಅಳುತ್ತ ಉಂಡಳು. ನನ್ನನ್ನು ಬಸ್ಸಿನವರೆಗೂ ಬಿಡಲು ಬಂದ ಮಾಳಮ್ಮ ದಾರಿಯುದ್ದಕ್ಕೂ ಒಂದೇ ಮಾತು ಆಡಿದ್ದು. "ಬೇರೆಯೋರು ಮಾಡಿದ್ರೆ ಬೈದು ಸುಮ್ನಾಗ್ತಿದ್ದೆ ಅಕ್ಕ. ನನ್ ಎದೆಹಾಲು ಕುಡಿದೋಳೇ ನಂಗೆ ಹಿಂಗ್ ಮಾಡಿದ್ಳಲ್ಲ" ಎಂದಳು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಹೆತ್ತ ತಾಯಿಗೇ ಬಗೆದರೆ ಅದಕ್ಕೇನು ಗಾದೆಯಿದೆಯೋ ನನಗೆ ತಿಳಿಯದು.

ಮುಂದಿನ ಸಂತೆಗೆ ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಬುಟ್ಟಿಯಲ್ಲಿ ಮೀನಿರಲಿಲ್ಲ, ಬರೀ ಉಪ್ಪಿತ್ತು. ಅದನ್ನು ಮುಂದೆ ಸುರಿದುಕೊಂಡು ಕೂತಳು. ಬಂದ ಒಬ್ಬೊಬ್ಬ ಹೆಂಗಸನ್ನೂ ಕರೆದು, ಆ ಉಪ್ಪು ಮುಟ್ಟಿ ಹೇಳಿದಳು: "ನನ್ ಹೆಸ್ರು ಹೇಳಿ ನಿಮ್ಮನೆಗೆ ಕೊಟ್ಟಿದ್ದು ತಾಟೆ. ಡ್ಯಾಮಿನ ಮೀನಲ್ಲ. ನಿನ್ನ ಸೊಸೆಗೆ ನಾನು ಸುಳ್ಳು ಉಣ್ಣಿಸ್ದೆ." ಅಳಿಯನ ಹೆಸರು ಒಮ್ಮೆಯೂ ಎತ್ತಲಿಲ್ಲ. ನಾನು ಎತ್ತಲು ಹೋದರೆ ನನ್ನ ಬಾಯಿಗೇ ಕೈ ಅಡ್ಡ ಹಿಡಿದಳು. ಕೆಲವರು ಕ್ಯಾಕರಿಸಿದರು. "ಸಮುದ್ರದ ತಾಯಿ ಅಂತ ಕಥೆ ಕಟ್ಟಿ ಚೆನ್ನಾಗಿ ಮಾರ್ಕಂಡೆ ಬಿಡು" ಎಂದಳು ಆನವಟ್ಟಿ ಕಡೆಯ ಒಬ್ಬಳು. "ಕ್ಯಾಸನೂರಿಂದ ಮತ್ತೇನು ಬರ್ತದೆ" ಎಂದ ಇನ್ನೊಬ್ಬ. ಅವತ್ತು ಅವಳು ತಕ್ಕಡಿ ಮಗುಚಲಿಲ್ಲ, ಮುಂದಿನ ಹೆಂಗಸನ್ನು ಕರೆದಳು.

ಸುಷ್ಮಿತಾಳಿಗೂ ತಾನೇ ಫೋನು ಮಾಡಿಸಿ ಹೇಳಿದಳು. ಆ ಹುಡುಗಿ ಓಡಿ ಬಂದಳು. ಬಯ್ಯಲಿಲ್ಲ. "ನಿಮ್ಮ ವಿಡಿಯೋ ನೋಡಿ ನಮ್ಮ ಕಡೆ ಬಲೆ ಹಾಕೋರೇ ಸುಮಾರು ಜನ ಬಸುರಿ ತೊರಕೆ ಸಿಕ್ಕಿದ್ರೆ ನೀರಿಗೆ ಬಿಡ್ತಿದಾರೆ ಅಮ್ಮಾ. ಈಗ ಅವರಿಗೆ ಏನು ಹೇಳ್ಲಿ?" ಎಂದಳು. "ನಿಜ ಹೇಳು ತಂಗಿ. ಮಾಳಮ್ಮನ ಮನೆಯೋರೇ ಮೋಸ ಮಾಡಿದ್ರು, ನೀವು ಮಾಡಬ್ಯಾಡಿ ಅಂತ ಹೇಳು" ಎಂದಳು ಮಾಳಮ್ಮ.

ಆಮೇಲೆ ಅವಳು ಬೇರೊಬ್ಬರಿಂದ ಸಿಗಡಿ, ಬಂಗಡೆ ತಂದು ಮತ್ತೆ ಕೂರಲು ಶುರು ಮಾಡಿದಳು. ವ್ಯಾಪಾರ ಅಷ್ಟಕ್ಕಷ್ಟೆ. ಆದರೆ ಬಿಚ್ಚಿದ ಪ್ರತಿ ಮೂಟೆಯಿಂದ ಮೊದಲ ಮೀನು ತೆಗೆದು ಕಲ್ಲಿನಾಚೆಗೆ ಕೈ ಚಾಚಿ ನನ್ನ ಮೂಗಿಗೆ ಹಿಡಿಯುತ್ತಿದ್ದಳು. "ನೋಡ್ರೀ ಅಕ್ಕಾ." ನಾನು ಲಿಂಗವಂತರ ಮನೆಯ ಸೊಸೆ, ಉಸಿರೆಳೆದು ನೋಡಿ, "ಇದು ಬಂಗಡಿ, ಹೂಂ, ಇದೂ ಬಂಗಡಿನ" ಎನ್ನುತ್ತಿದ್ದೆ. ನಮ್ಮ ಅತ್ತೆಯವರು ಬದುಕಿದ್ದರೆ ಎದೆ ಒಡೆದು ಸಾಯುತ್ತಿದ್ದರು. ಆದರೆ ಲೋಕದಲ್ಲಿ ಅವಳು ನಂಬುತ್ತಿದ್ದದ್ದು ನನ್ನ ಮೂಗೊಂದನ್ನೇ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಮಗಳು ಗಂಡನ ಮನೆಗೆ ಹೋಗಿದ್ದಳು. ಮಾಳಮ್ಮ ಅತ್ತ ಕಾಲಿಟ್ಟಿರಲಿಲ್ಲ. ಮೊಮ್ಮಗನ ಮಾತು ಬಂದರೆ ಮಾತ್ರ ಮೀನು ಸರಿಸುವ ಕೈ ನಿಲ್ಲುತ್ತಿತ್ತು. ಹೀಗಿರುವಾಗ ಒಂದು ಸಂತೆ, ಇನ್ನೂ ಜನ ಕೂಡುವ ಮೊದಲೇ, ಸುರೇಶನ ಪಿಕಪ್ಪು ಬಂದು ನಿಂತಿತು. ಸುರೇಶ ಇಳಿದ, ಹಿಂದೆ ಮಾಲಾ. ಮಗು ಅವನ ತೋಳಲ್ಲಿ, ಮೈಗೆ ಒಂದು ಹಳದಿ ಶಾಲು ಸುತ್ತಿದ್ದರು. ಅದು ಕೈ ಹೊರಗೆ ಚಾಚಿ ಏನನ್ನೋ ಹಿಡಿಯುತ್ತಿತ್ತು.

"ಅತ್ತೆ, ತಪ್ಪಾಯ್ತು" ಎಂದ. ಸಂತೆಯ ನಡುವೆ ಅಳಿಯ ಅತ್ತೆಗೆ ಹಾಗೆನ್ನುವುದು ಸಣ್ಣ ಮಾತಲ್ಲ. ಸುತ್ತಲಿನವರೆಲ್ಲ ತಕ್ಕಡಿ ಇಳಿಸಿ ನೋಡಿದರು. "ಅವತ್ತೇ ಬಿಟ್ಟೆ. ಆ ಮೀನು ಮತ್ತೆ ಮುಟ್ಟಿಲ್ಲ. ನೀವು ನಂಬಲ್ಲ ಅಂತ ಗೊತ್ತು, ಅದ್ಕೇ ಇವನ್ನೇ ಕರ್ಕಂಡು ಬಂದೆ." ಮಗುವಿನ ತಲೆಯ ಮೇಲೆ ಅಂಗೈ ಇಟ್ಟ. "ಇವನ ತಲೆ ಮೇಲೆ ಆಣೆ."

ಮಾಲಾ ನೆಲ ನೋಡುತ್ತಿದ್ದಳು. ಮಾಳಮ್ಮ ಎದ್ದು ನಿಂತಳು. ಅವಳ ಮುಖ ಹೇಗೆ ಕರಗಿತು ಅಂತೀರಿ! ಎರಡೂ ಕೈ ಸೀರೆಗೆ ಉಜ್ಜಿ ಉಜ್ಜಿ ಒರೆಸಿಕೊಂಡು ಮಗುವನ್ನು ಎತ್ತಿಕೊಂಡಳು. ಎದೆಗವಚಿಕೊಂಡು ಅದರ ನೆತ್ತಿಗೆ ಮೂಗು ಒತ್ತಿ ಉಸಿರೆಳೆದಳು. ಮತ್ತೆ ಎಳೆದಳು. ಏನೂ ಸಿಗಲಿಲ್ಲ.

"ಅಕ್ಕಾ, ನಂಗೆ ಒಂದೂ ತಿಳಿಯಲ್ಲ" ಎಂದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ಕೂಸಿನ ವಾಸ್ನೆ ಹೆಂಗೈತೆ? ಸ್ವಲ್ಪ ನೋಡಿ ಹೇಳ್ರೀ." ಕಲ್ಲಿನಾಚೆಯಿಂದ ಮಗುವನ್ನು ನನ್ನ ಕೈಗೆ ಕೊಟ್ಟಳು.

ನಾನು ಮುಖ ಹತ್ತಿರ ತಂದೆ. ನೆತ್ತಿಯಲ್ಲಿ ಕೊಬ್ಬರಿ ಎಣ್ಣೆ. ಕುತ್ತಿಗೆಯ ಮಡಿಕೆಯಲ್ಲಿ ಹಾಲು. ಕೂದಲಲ್ಲಿ ಸಾಂಬ್ರಾಣಿ ಹೊಗೆ. ಶಾಲು ಸರಿಸಲು ಹೋದೆ. ಸುರೇಶನ ತೋಳು ತಗುಲಿದ್ದ ಕಡೆಯಿಂದ ಅದು ಬಂತು. ಹಳೆಯದಲ್ಲ. ನನ್ನ ಕಣ್ಣಲ್ಲಿ ನೀರು ಬರುವಷ್ಟು ಹೊಸದು.

ಹಾಲಿನ ವಾಸನೆ ಎಂದು ಹೇಳಿ ಮಗುವನ್ನು ವಾಪಸು ಕೊಟ್ಟಿದ್ದರೆ ಆಗುತ್ತಿತ್ತು. ಅವಳು ಮೊಮ್ಮಗನನ್ನು ಎತ್ತಿಕೊಂಡು ಮಗಳ ಮನೆಗೆ ಹೋಗುತ್ತಿದ್ದಳು. ಒಂದು ಸಂಸಾರ ಕೂಡುತ್ತಿತ್ತು. ಮಾಲಾ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು, ಬೇಡುವ ಹಾಗೆ. ಆದರೆ ಗಂಡ ಹೆಂಡತಿ ಇಬ್ಬರೂ ಸಂಸಾರದ ಒಳ್ಳೆಯದಕ್ಕೇ ಎಂದುಕೊಂಡೇ ಮಾಳಮ್ಮನಿಗೆ ಸುಳ್ಳು ಹೇಳಿದವರು. ಆ ಸಾಲಿನಲ್ಲಿ ನಾನೂ ಹೋಗಿ ಕೂರಲೇ?

"ಅಕ್ಕಾ?" ಎಂದಳು ಮಾಳಮ್ಮ.

"ಹಾಲಿನ ವಾಸನಿ ಐತಿ ಮಾಳಿ" ಎಂದೆ. "ಶಾಲಿನಾಗ ಅದೂ ಐತಿ."

ಸುರೇಶ ಏನೋ ಹೇಳಲು ಬಾಯಿ ತೆಗೆದ. ಗಾಡಿಯಲ್ಲಿ ಹಳೆ ಮೂಟೆ ಇತ್ತು, ಯಾರದೋ ಬಾಡಿಗೆ ಮಾಲು, ಹೀಗೇ ಏನೇನೋ. ಮಾಲಾ ಅಲ್ಲಿಯೇ ಕುಸಿದು ಕೂತು ಮುಖಕ್ಕೆ ಸೆರಗು ಹಾಕಿಕೊಂಡಳು. ಆ ಸೆರಗು ಸಾಕಾಯಿತು, ಇನ್ಯಾರೂ ಏನೂ ಕೇಳುವ ಹಾಗಿರಲಿಲ್ಲ.

ಮಾಳಮ್ಮ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡಳು. ಶಾಲು ಬಿಚ್ಚಿ ಸುರೇಶನ ಮುಂದೆ ಇಟ್ಟಳು. ತನ್ನ ಸೆರಗಿನಲ್ಲೇ ಮಗುವನ್ನು ಸುತ್ತಿಕೊಂಡಳು.

"ನಾನು ಮುಟ್ಟಿದ್ದು ಉಪ್ಪು ಅಳಿಯಂದ್ರೆ. ಉಪ್ಪು ಯಾವ ಅಂಗಡೀಲಾದ್ರೂ ಸಿಗ್ತದೆ. ಇವನ ತಲೆ ಇನ್ನೊಂದು ಎಲ್ಲಿಂದ ತರ್ತೀರಿ?" ಎಂದಳು.

ಎಂದು ಕೆಳಗೆ ಕೂತು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ಅವನು ಅಂಗೈ ಇಟ್ಟಿದ್ದ ಜಾಗವನ್ನು ಸೆರಗಿನ ತುದಿಯಿಂದ ಒರೆಸತೊಡಗಿದಳು. ಸಂತೆ ತುಂಬಿತು, ಗಿರಾಕಿಗಳು ಬಂದು ನಿಂತರು, ಅವಳು ಒರೆಸುತ್ತಲೇ ಇದ್ದಳು.